ತಮ್ಮನ ಸಾರಾಂಶದಿಂದ ನಾನು ತೆಗೆದ ಸಾಲು

ಸಮ್ಮೇಳನಗಳ ಕಾಲ ಬಂತೆಂದರೆ ಜಯನಗರದ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೋರ್ಡಿನ ಮೇಲೆ ಡಿಟಿಪಿ, ಜೆರಾಕ್ಸ್, ಬೈಂಡಿಂಗ್ ಎಂದು ಬರೆಸಿದ್ದರೂ ಆ ದಿನಗಳಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ, ಕತ್ತರಿಸುವುದು. ದಂತವೈದ್ಯ ಕಾಲೇಜಿನ ಪಿಜಿ ಹುಡುಗ ಹುಡುಗಿಯರು ರೋಗಿಗಳ ಮೇಲೆ ಮಾಡಿದ ಪ್ರಯೋಗವನ್ನು ಸಮ್ಮೇಳನದಲ್ಲಿ ಹೇಳಬೇಕಾದರೆ ಮೊದಲು ಅದರ ಸಾರಾಂಶ ಕಳಿಸಬೇಕು. ಅದನ್ನು ಅವರು ಅಬ್‌ಸ್ಟ್ರಾಕ್ಟ್ ಎನ್ನುತ್ತಾರೆ. ಸಮ್ಮೇಳನದ ವೆಬ್ ಪೋರ್ಟಲ್ಲಿನಲ್ಲಿ ಅದಕ್ಕೊಂದು ಚೌಕ. ಇನ್ನೂರೈವತ್ತು ಪದ ದಾಟಿತೋ, ಚೌಕದ ಅಂಚು ಕೆಂಪಾಗುತ್ತದೆ, ಕಳಿಸುವ ಬಟನ್ ಮಂಕಾಗುತ್ತದೆ. ಎರಡು ವರ್ಷದ ದುಡಿಮೆಯನ್ನು ಆ ಚೌಕಕ್ಕೆ ತುರುಕಲಾಗದೆ ಅವರು ಪೆನ್‌ಡ್ರೈವ್ ಹಿಡಿದು ನನ್ನ ಬಳಿ ಬರುತ್ತಿದ್ದರು.

ಇಂಗ್ಲಿಷ್ ಪುಸ್ತಕ ಹಿಡಿದು ಓದುವಷ್ಟು ನಾನು ಕಲಿತವಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದ ಮೇಲೆ ಟೈಪಿಂಗಿಗೆ ಸೇರಿದವಳು. ಆದರೆ ವರ್ಷಗಟ್ಟಲೆ ಅವೇ ಮಾತುಗಳನ್ನು ಟೈಪು ಮಾಡಿದರೆ ಯಾವ ಸಾಲು ಏನು ಹೇಳುತ್ತದೆ ಎಂದು ತಾನಾಗಿ ತಿಳಿಯತೊಡಗುತ್ತದೆ. ಉಳಿದದ್ದನ್ನು ಪಕ್ಕದಲ್ಲಿ ಕೂತ ಹುಡುಗರು ಹೇಳಿಕೊಡುತ್ತಿದ್ದರು. ಕತ್ತರಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು 'ಈ ಅಧ್ಯಯನವನ್ನು ಕೈಗೊಳ್ಳಲಾಯಿತು' ಎಂಬಂಥ ಉದ್ದನೆಯ ಮಾತುಗಳನ್ನು ಗಿಡ್ಡ ಮಾಡುವುದು. ಆಮೇಲೆ ಎರಡು ಪದಗಳ ನಡುವೆ ಅಡ್ಡಗೆರೆ ಹಾಕಿ ಒಂದಾಗಿಸುವುದು. ಅದಕ್ಕೂ ಜಗ್ಗದಿದ್ದರೆ ಇಡೀ ಸಾಲೇ ಹೋಗಬೇಕು. ಆಗ ಎಲ್ಲರೂ ಬಿಟ್ಟುಕೊಡುತ್ತಿದ್ದದ್ದು ಹೆಚ್ಚುಕಡಿಮೆ ಅವೇ ಸಾಲುಗಳನ್ನು. ಯಾವ ರೋಗಿ ಯಾವ ಗುಂಪಿಗೆ ಎಂಬ ಚೀಟಿಯನ್ನು ಹೇಗೆ ಎತ್ತಿದರು, ಮಧ್ಯದಲ್ಲಿ ಎಷ್ಟು ಮಂದಿ ಬಿಟ್ಟುಹೋದರು, ಯಾರಿಗೆ ಏನು ತೊಂದರೆಯಾಯಿತು. ಇವು ಹೋದರೂ ಓದಲು ಏನೂ ಕೊರತೆಯೆನಿಸುತ್ತಿರಲಿಲ್ಲ. ಮುಟ್ಟಬಾರದ್ದು ಎರಡು. ಒಂದು, ಗೈಡ್, ಅಂದರೆ ಅವರ ಪ್ರಯೋಗಕ್ಕೆ ಮಾರ್ಗದರ್ಶಕರಾದ ಪ್ರಾಧ್ಯಾಪಕರು, ಬರೆದ ಸಾಲು. ಇನ್ನೊಂದು, ಬಂದ ಫಲಿತಾಂಶ ಆಕಸ್ಮಿಕವಲ್ಲ ಎಂದು ತೋರಿಸುವ ಪಿ ವ್ಯಾಲ್ಯೂ ಎಂಬ ಅಂಕಿ. "ಪಿ ವ್ಯಾಲ್ಯೂ ಮಾತ್ರ ಮುಟ್ಬೇಡಿ ಅಕ್ಕ, ಅದು ನಮ್ ಮನೆದೇವ್ರು," ಎಂದು ಒಬ್ಬ ಹುಡುಗ ಕೈ ಮುಗಿದಿದ್ದ. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ.

ನನ್ನ ತಮ್ಮ ಅದೇ ಕಾಲೇಜಿನಲ್ಲಿ ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಪಿಜಿ ಮಾಡುತ್ತಿದ್ದ. ಅವನ ಪ್ರಯೋಗ ಬುದ್ಧಿಹಲ್ಲಿನ ಮೇಲೆ. ಹಲ್ಲು ಕಿತ್ತ ಜಾಗಕ್ಕೆ, ಔಷಧದ ಅಂಗಡಿಯಲ್ಲಿ ಸಿಗುವ ಒಂದು ಗಿಡಮೂಲಿಕೆ ಜೆಲ್ ಹಚ್ಚಿದರೆ ನೋವು ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಅರ್ಧ ರೋಗಿಗಳಿಗೆ ಆ ಜೆಲ್, ಇನ್ನರ್ಧಕ್ಕೆ ಔಷಧವಿಲ್ಲದ ಬರೀ ಲೋಳೆ. ಯಾರಿಗೆ ಯಾವುದು ಎಂಬುದು ಹಲ್ಲು ಕಿತ್ತು ಮುಗಿಯುವವರೆಗೆ ಕೀಳುವವನಿಗೂ ಗೊತ್ತಿರಬಾರದು. ಅದಕ್ಕೆ ಮುಚ್ಚಿದ ಲಕೋಟೆಗಳು ಬೇಕಿದ್ದವು. ದೀಪಕ್ಕೆ ಹಿಡಿದರೂ ಒಳಗಿನ ಚೀಟಿ ಕಾಣಬಾರದೆಂದು ನಾನು ಖಾಕಿ ಕಾಗದದ ಒಳಗೆ ಕಪ್ಪು ಕಾರ್ಬನ್ ಹಾಳೆ ಮಡಚಿಟ್ಟು ಲಕೋಟೆ ಮಾಡಿದೆ. ಯಡಿಯೂರಿನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅಮ್ಮ ಮೈದಾ ಹಿಟ್ಟಿನ ಗೋಂದು ಕಾಯಿಸಿದಳು. ಅವಳು ಅಂಟಿಸಿದಳು, ನಾನು ಮಡಚಿದೆ, ತಮ್ಮ ಮುಟ್ಟಬಾರದ್ದರಿಂದ ದೂರ ಕೂತು ಕಡಲೆಕಾಯಿ ಸುಲಿಯುತ್ತಿದ್ದ. "ನಿನ್ ಹಲ್ಲಿನ ಪರೀಕ್ಷೆಗೆ ನಾವು ಕೂತು ಬರೀತಿದೀವಿ ನೋಡು," ಎಂದು ಅಮ್ಮ ರೇಗಿಸಿದಳು. ಕೆರೆಯ ಕಡೆಯಿಂದ ಗಾಳಿ ಬಂದು ಕಾರ್ಬನ್ ಹಾಳೆಗಳು ಹಾರಿದಾಗ ಮೂವರೂ ಮಂಡಿಯೂರಿ ಮಂಚದ ಕೆಳಗಿನಿಂದ ಆರಿಸಿದೆವು. ಅವನ ಓದಿನ ಆ ವರ್ಷಗಳಲ್ಲಿ ನಾವು ಮೂವರು ಒಂದೇ ಕೆಲಸಕ್ಕೆ ಕೈ ಹಾಕಿದ್ದು ಆವತ್ತು. ಅಂಥ ಮಧ್ಯಾಹ್ನ ಮತ್ತೆ ಬರಲಿಲ್ಲ.

ಪ್ರಯೋಗ ಚೆನ್ನಾಗಿ ನಡೆಯಿತು. ಆದರೆ ಜೆಲ್ ಹಚ್ಚಿಸಿಕೊಂಡವರಲ್ಲಿ ಕೆಲವರು ಮರುಭೇಟಿಗೆ ಬರಲಿಲ್ಲ. ತಮ್ಮ ನನ್ನ ಅಂಗಡಿಯ ಫೋನಿನಿಂದ, ಸ್ಪೀಕರ್ ಹಾಕಿ, ಅವರನ್ನು ಕರೆಯುತ್ತಿದ್ದ. ವಾರ್ಡಿನಲ್ಲಿ ಗಲಾಟೆ, ಇಲ್ಲಿ ಮಧ್ಯಾಹ್ನ ಸ್ವಲ್ಪ ನೆಮ್ಮದಿ. ನಾನು ಟೈಪು ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಆಟೋ ಓಡಿಸುವವರೊಬ್ಬರು ಬಾಯೆಲ್ಲ ಹುಣ್ಣಾಗಿದೆ ಎಂದರು. ಬನಶಂಕರಿ ಮಾರುಕಟ್ಟೆಯ ಹತ್ತಿರ ಹೂವು ಮಾರುವ ಹೆಂಗಸಂತೂ ನಿನ್ನ ಜೆಲ್ಲೂ ಬೇಡ, ನೀನೂ ಬೇಡ ಎಂದು ಬೈದು ಫೋನಿಟ್ಟರು. ತಮ್ಮ ಮಾರನೆಯ ದಿನ ಅವರ ಹೂವಿನ ಬುಟ್ಟಿಯ ಎದುರಿಗೇ ಹೋಗಿ ನಿಂತು, ಬಾಯಿ ನೋಡಿ, ಔಷಧ ಕೊಟ್ಟು ಬಂದ. ಒಟ್ಟು ಐದು ಮಂದಿ ಹುಣ್ಣಿನಿಂದಾಗಿ ಬಿಟ್ಟಿದ್ದರು. ಇನ್ನುಳಿದವರಲ್ಲಿ ನೋವು ಕಡಿಮೆಯಾಗಿದ್ದು ನಿಜ. ಅವನು ಎರಡನ್ನೂ ಬರೆದ. ಅಬ್‌ಸ್ಟ್ರಾಕ್ಟಿನ ಫಲಿತಾಂಶದ ಭಾಗದಲ್ಲಿ ಎರಡನೆಯ ಸಾಲೇ ಅದು: ಜೆಲ್ ಗುಂಪಿನ ಐದು ಮಂದಿ ಬಾಯಿ ಹುಣ್ಣಾಗಿ ಚಿಕಿತ್ಸೆ ನಿಲ್ಲಿಸಿದರು.

ಕಳಿಸಬೇಕಾದ ಕೊನೆಯ ದಿನ ಅವನು ತಲಘಟ್ಟಪುರದ ಶಾಲೆಯೊಂದರಲ್ಲಿ ದಂತ ತಪಾಸಣೆಯ ಶಿಬಿರದಲ್ಲಿದ್ದ. ಬೆಳಿಗ್ಗೆ ಹೊರಡುವ ಮೊದಲು ಅಂಗಡಿಗೆ ಓಡಿ ಬಂದು ಅವನ ಗೈಡ್ ತಿದ್ದಿದ ಪ್ರತಿ ಕೊಟ್ಟ. ಆ ಪ್ರಾಧ್ಯಾಪಕರು ಕೊನೆಯಲ್ಲಿ ತಮ್ಮದೊಂದು ಸಾಲು ಸೇರಿಸಿದ್ದರು, ಈ ಜೆಲ್ಲನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸಬಹುದು ಎಂದು. ಅದರಿಂದ ಪದಗಳು ಮಿತಿ ದಾಟಿದ್ದವು.

"ಮಕ್ಕಳ ಬಾಯಿ ನೋಡ್ತಾ ಫೋನ್ ತೆಗೆಯಕ್ಕಾಗಲ್ಲ ಅಕ್ಕ. ನೀನೇ ಸರಿ ಮಾಡಿ ಹಾಕ್ಬಿಡು. ನಿಂಗೆ ಗೊತ್ತಲ್ಲ," ಎಂದ. ಸಂಪರ್ಕಕ್ಕೆ ಅಂಗಡಿಯ ನಂಬರನ್ನೇ ಕೊಡು ಎಂದೂ ಹೇಳಿ ಬಸ್ಸು ಹಿಡಿಯಲು ಓಡಿದ.

ಮಧ್ಯಾಹ್ನ ಗಿರಾಕಿಗಳನ್ನು ಕಳಿಸಿ ಕೂತೆ. ಗಿಡ್ಡ ಮಾಡಬಹುದಾದದ್ದನ್ನೆಲ್ಲ ಗಿಡ್ಡ ಮಾಡಿದೆ. ಅಡ್ಡಗೆರೆ ಹಾಕಬಹುದಾದಲ್ಲೆಲ್ಲ ಹಾಕಿದೆ. ಇನ್ನೂ ಅಂಚು ಕೆಂಪಗೇ ಇತ್ತು. ಒಂದು ಸಾಲು ಹೋಗಲೇಬೇಕು. ಗೈಡ್ ಸಾಲು ಮುಟ್ಟುವಂತಿಲ್ಲ, ಪಿ ವ್ಯಾಲ್ಯೂ ಮುಟ್ಟುವಂತಿಲ್ಲ. ಶುರುವಿನ ಸಾಲು ಇತ್ತು. ಬುದ್ಧಿಹಲ್ಲು ಕಿತ್ತ ಮೇಲೆ ನೋವಾಗುವುದು ಸಾಮಾನ್ಯ ಎನ್ನುವ, ಯಾರಿಗೂ ಹೊಸದಲ್ಲದ ಸಾಲು. ಅದನ್ನು ಅಳಿಸಿ ನೋಡಿದೆ. ಕೆಂಪು ಹೋಯಿತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ನಾನು ಅದನ್ನು ವಾಪಸ್ ಹಾಕಿದೆ. ಹುಣ್ಣಿನ ಸಾಲನ್ನು ತೆಗೆದೆ.

ಅಭ್ಯಾಸದಿಂದ ಕೈ ಅಲ್ಲಿಗೆ ಹೋಯಿತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಸಾಲಿನ ಹಿಂದಿದ್ದ ಐವರ ದನಿಯನ್ನೂ ನಾನು ಕೇಳಿದ್ದೆ. ಮಿಕ್ಕ ಹುಡುಗರ ಸಾಲುಗಳ ಹಿಂದೆ ಯಾರಿದ್ದರೋ ನನಗೆ ಗೊತ್ತಿರಲಿಲ್ಲ, ಇದರದು ಗೊತ್ತಿತ್ತು. ಹಿಂದಿನ ವರ್ಷಗಳಲ್ಲಿ ಬಹುಮಾನ ಬಂದ ಅಬ್‌ಸ್ಟ್ರಾಕ್ಟುಗಳು ನನ್ನ ಕೈಯಿಂದಲೇ ಹೋಗಿದ್ದವು. ಅವುಗಳಲ್ಲಿ ಎಲ್ಲೂ ಬಾಯಿ ಹುಣ್ಣಾದ ರೋಗಿ ಇರಲಿಲ್ಲ. ತಮ್ಮನಿಗೂ ಬರಲಿ ಎಂದು ಆಸೆಪಟ್ಟೆ. ಬಟನ್ ಒತ್ತಿ, 'ಹಾಕಿದೆ' ಎಂದು ಅವನಿಗೆ ಮೆಸೇಜು ಕಳಿಸಿದೆ. ಸಂಜೆ ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಕಳಿಸಿದ್ದನ್ನು ಅವನು ಓದಲಿಲ್ಲ. ನಾನು ಮಾಡಿದ್ದನ್ನು ಅವನು ಯಾವತ್ತೂ ಓದಿ ನೋಡುತ್ತಿರಲಿಲ್ಲ.

ಬಹುಮಾನ ಬಂತು. ವೇದಿಕೆಯ ಮೇಲೆ ತಮ್ಮ ಐದು ಮಂದಿಯ ವಿಷಯ ಹೇಳಿದ್ದನಂತೆ. ಆದರೆ ಗಂಟೆ ಹೊಡೆಯುವ ಹೊತ್ತಾಗಿತ್ತು, ಕೇಳುವವರು ಊಟದ ಕಡೆ ನೋಡುತ್ತಿದ್ದರು. ಅಂಕಗಳು ಹೆಚ್ಚಾಗಿ ಅಚ್ಚಾದ ಅಬ್‌ಸ್ಟ್ರಾಕ್ಟಿಗೇ. ಮರುದಿನ ಬೆಳಿಗ್ಗೆ ಅವನು ಸಮ್ಮೇಳನದ ಪುಸ್ತಕ ಮನೆಗೆ ತಂದಾಗ ಅಮ್ಮ ಕನ್ನಡಕ ಹಾಕಿಕೊಂಡು ಅವನ ಹೆಸರಿನ ಮೇಲೆ ಬೆರಳಾಡಿಸಿದಳು. ಕೆಳಗೇನು ಬರೆದಿದ್ದೀಯ, ನನಗೆ ತಿಳಿಯುವ ಹಾಗೆ ಹೇಳು ಎಂದಳು. ಅವನು ಒಂದೊಂದೇ ಸಾಲನ್ನು ಕನ್ನಡ ಮಾಡುತ್ತ ಬಂದ. ನಾನು ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದೆ. ಫಲಿತಾಂಶಕ್ಕೆ ಬಂದವನು ನಿಂತ. ಮತ್ತೆ ಮೇಲಿನಿಂದ ಓದಿದ.

"ಆ ಹೂವಿನವ್ಳು ಬೈದಿದ್ದು ಬರ್ದಿಲ್ವಾ?" ಎಂದು ಅಮ್ಮ ಕೇಳಿದಳು. ತಮಾಷೆಗೆ ಕೇಳಿದ್ದು.

"ಬರ್ದಿದ್ದೆ ಅಮ್ಮ," ಎಂದು ಅವನು ನನ್ನ ಕಡೆ ತಿರುಗಿದ.

"ಪೋರ್ಟಲ್ ನುಂಗಿರ್ಬೇಕು ಕಣೋ," ಎಂದೆ. ದೋಸೆ ಮಗುಚುವ ನೆಪದಲ್ಲಿ ಮುಖ ತಿರುಗಿಸಿದೆ.

ಅವನು ನಂಬಿದ. ಆ ಪೋರ್ಟಲ್ ಹಿಂದಿನ ವರ್ಷ ಯಾರದೋ ಹೆಸರಿನ ಅರ್ಧವನ್ನೇ ನುಂಗಿತ್ತು. ಅವನು ಗೈಡ್ ಬಳಿಗೂ ಹೋಗಿ ಹೇಳಿದ. ಥೀಸಿಸ್‌ನಲ್ಲಿ ಪೂರ್ತಿ ಇರುತ್ತದಲ್ಲ, ಬಿಡು, ಅಬ್‌ಸ್ಟ್ರಾಕ್ಟ್ ಎಂದರೆ ಅಬ್‌ಸ್ಟ್ರಾಕ್ಟೇ ಎಂದರಂತೆ. ವಿಷಯ ಅಲ್ಲಿಗೆ ನಿಂತಿತು. ನನಗೆ ಉಸಿರು ಬಂದಂತಾಯಿತು. ಬಹುಮಾನದ ಫಲಕ ಟಿವಿಯ ಪಕ್ಕ ಕೂತಿತು. ಅಮ್ಮ ದಿನಾ ಅದನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

ಕೆಲವು ವಾರಗಳ ಮೇಲೆ, ಅಂಗಡಿಯಲ್ಲಿ ಒಬ್ಬಳೇ ಲ್ಯಾಮಿನೇಷನ್ ಮಾಡುತ್ತಿದ್ದಾಗ ಫೋನು ಬಂತು. ಉತ್ತರ ಕರ್ನಾಟಕದ ದನಿ. ಬಿಟಿಎಂ ಲೇಔಟಿನಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರು. ಸಮ್ಮೇಳನದ ಪುಸ್ತಕದಲ್ಲಿ ನಂಬರು ನೋಡಿದೆ, ಡಾಕ್ಟರ್ ಇದ್ದಾರೆಯೇ ಎಂದು ಕೇಳಿದರು. ಅವರು ವಾರ್ಡಿನಲ್ಲಿದ್ದಾರೆ, ನಾನು ಅವರ ಅಕ್ಕ ಎಂದೆ. ಏನಿದ್ದರೂ ಹೇಳಿ, ತಿಳಿಸುತ್ತೇನೆ ಎಂದೆ.

"ಏನಿಲ್ರಿ ಅಕ್ಕಾರ, ಆ ಅಬ್‌ಸ್ಟ್ರಾಕ್ಟ್ ಓದಿ ನಾನೂ ಆ ಜೆಲ್ ಹಚ್ಚಾಕ ಸುರು ಮಾಡಿದ್ನಿರಿ. ಒಬ್ಬಾಕಿಗೆ ಬಾಯಿ ತುಂಬ ಹುಣ್ಣ ಆಗ್ಯಾವು. ಜೆಲ್ಲಿಂದನ ಆಗ್ಯಾವೋ, ಬ್ಯಾರೆ ಏನರ ಐತೋ ತಿಳೀವಲ್ದು. ನಿಮ್ಮ ತಮ್ಮಾರ ಪೇಷಂಟ್‌ಗಳಿಗೆ ಯಾರಿಗರ ಹಿಂಗ ಆಗಿತ್ತೇನ್ರಿ? ಅಷ್ಟ ಕೇಳಿ ಹೇಳ್ರಿ."

ಕೇಳಿ ಹೇಳುವಂಥದ್ದು ಏನೂ ಇರಲಿಲ್ಲ. ಉತ್ತರ ನನಗೇ ಗೊತ್ತಿತ್ತು. ತಮ್ಮ ಸಂಜೆ ಬರುತ್ತಾನೆ, ಆಗ ಮಾತಾಡಿ ಎಂದು ಫೋನಿಟ್ಟರೆ ಅವನು ಐದು ಮಂದಿಯ ವಿಷಯ ಹೇಳುತ್ತಿದ್ದ. ಪೋರ್ಟಲ್ ನುಂಗಿತು ಎಂದೂ ಹೇಳುತ್ತಿದ್ದ. ನನ್ನ ಸುಳ್ಳನ್ನು ಅವನು ತನ್ನದೇ ಮಾತೆಂದು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸುತ್ತಿದ್ದ. ಯಂತ್ರದೊಳಗಿದ್ದ ಯಾರದೋ ಆಧಾರ್ ಕಾರ್ಡು ಸುರುಟಿಕೊಳ್ಳುತ್ತಿತ್ತು. ನಾನು ಸ್ವಿಚ್ ಆರಿಸಿದೆ.

"ಆಗಿತ್ತು ಸಾರ್. ಐದು ಜನಕ್ಕೆ. ಜೆಲ್ ನಿಲ್ಲಿಸಿದ ಮೇಲೆ ಎಲ್ರಿಗೂ ವಾಸಿ ಆಯ್ತು. ಯಾವ ಔಷಧಿ ಕೊಟ್ಟ ಅಂತ ಅವನೇ ಹೇಳ್ತಾನೆ. ಮೊದ್ಲು ನೀವು ಅದನ್ನ ನಿಲ್ಲಿಸಿ."

"ಮತ್ತ ಅದನ್ಯಾಕ ಬರೀಲಿಲ್ರಿ?"

"ಬರ್ದಿದ್ದ ಸಾರ್. ಟೈಪ್ ಮಾಡೋಳು ನಾನು. ನಾನು ತೆಗ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಸಬೂಬು ಹೇಳುತ್ತಿದ್ದೆನೇನೋ. "ನಿಮ್ಮ ತಮ್ಮಾರಿಗೆ ಇದು ಗೊತ್ತೈತೇನ್ರಿ?" ಎಂದರು. ಇಲ್ಲ ಎಂದೆ. ಹಾಗಾದರೆ ಮೊದಲು ಅವರಿಗೆ ಹೇಳಿ ಎಂದು ಕ್ಲಿನಿಕ್ಕಿನ ವಿಳಾಸ ಕೊಟ್ಟರು.

ಸಂಜೆ ತಮ್ಮ ಥೀಸಿಸ್ಸಿನ ಪುಟಗಳ ಪ್ರಿಂಟ್ ತೆಗೆಸಲು ಬಂದ. ಕೈಯಲ್ಲಿ ಇಬ್ಬರಿಗೂ ಕಾಫಿ ಇತ್ತು. ಕಾಫಿ ಕುಡಿದ ಮೇಲೆ ಹೇಳೋಣ ಎನಿಸಿತು. ಹಾಗೆ ಮುಂದೂಡಿಯೇ ಇಷ್ಟು ದೂರ ಬಂದದ್ದು ಎಂದು ನೆನಪಾಗಿ, ಅವನು ಕೂರುವ ಮೊದಲೇ ಹೇಳಿದೆ. ಫೋನು ಬಂದದ್ದು, ಬಿಟಿಎಂನ ರೋಗಿ, ಪೋರ್ಟಲ್ ಏನನ್ನೂ ನುಂಗಲಿಲ್ಲ ಎನ್ನುವುದು. ಅವನು ಕೇಳಿಸಿಕೊಂಡ.

"ಬೇರೆ ಲೈನ್ ಇರ್ಲಿಲ್ವಾ ತೆಗೆಯೋಕೆ?"

"ಇತ್ತು."

"ಮತ್ತೆ?"

"ನಿಂಗೆ ಪ್ರೈಜ್ ಬರ್ಲಿ ಅಂತ."

ಅವನು ಕಾಫಿಯ ಲೋಟಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಇಟ್ಟ. ಹಾಗೆ ಇಡಬೇಡ ಎಂದು ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಗೋಡೆಯ ಮೇಲಿನ ದರಪಟ್ಟಿಯನ್ನು ಮೊದಲ ಸಲ ನೋಡುವವನಂತೆ ನೋಡುತ್ತ ನಿಂತ. ನಂತರ ಆ ಡಾಕ್ಟರಿಗೆ ಫೋನು ಮಾಡಿ, ಯಾವ ಔಷಧ, ಎಷ್ಟು ಹೊತ್ತಿಗೊಮ್ಮೆ ಎಂದೆಲ್ಲ ನಿಧಾನವಾಗಿ ಹೇಳಿದ. ಇಟ್ಟ ಮೇಲೆ ನನ್ನನ್ನು ನೋಡದೆ, "ನಾಳೆ ಬೆಳಿಗ್ಗೆ ಹೋಗೋಣ. ನೀನೂ ಬಾ," ಎಂದ.

ಆ ಕ್ಲಿನಿಕ್ ಒಂದು ಖಾನಾವಳಿಯ ಮೇಲಿತ್ತು. ಮೆಟ್ಟಿಲಿನ ತುಂಬ ರೊಟ್ಟಿ ಬಡಿಯುವ ಸದ್ದು. ರೋಗಿ ಇಪ್ಪತ್ತೈದರ ಒಳಗಿನ ಹುಡುಗಿ, ರೋಣದ ಕಡೆಯವಳು. ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಯಾವುದೋ ಕಂಪನಿಯ ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸ ಮಾಡುತ್ತಿದ್ದಳು. ಬಾಯೇ ಅವಳ ಕೆಲಸ. ಹುಣ್ಣು ಎದ್ದಂದಿನಿಂದ ಮಾತಾಡಲಾಗದೆ ರಜೆ ಹಾಕಿದ್ದಳು, ಊಟ ಬರೀ ಗಂಜಿ. ಊರಿನಲ್ಲಿರುವ ತಾಯಿ ಫೋನು ಮಾಡಿದರೆ ಬರೀ ಹೂಂ ಎನ್ನುತ್ತಾಳೆ, ತಾಯಿ ಮಗಳಿಗೆ ಏನೋ ಆಗಿದೆ ಎಂದು ಅಳುತ್ತಾರೆ ಎಂದು ಡಾಕ್ಟರು ಹೇಳಿದರು.

ತಮ್ಮ ಟಾರ್ಚು ಹಿಡಿದು ನೋಡಿದ. ಇಳಿಯುತ್ತಿವೆ, ಇನ್ನು ಕೆಲವೇ ದಿನ ಎಂದು ಸಮಾಧಾನ ಹೇಳಿದ. ಆಮೇಲೆ ಗ್ಲೌಸು ಬಿಚ್ಚುತ್ತ ನನ್ನ ಕಡೆ ತಿರುಗಿ, "ನೀನೇ ಹೇಳು," ಎಂದ.

ಈ ಜೆಲ್ಲಿನಿಂದ ಹುಣ್ಣಾಗುತ್ತದೆ ಎಂದು ನನ್ನ ತಮ್ಮ ಬರೆದಿದ್ದ, ನಿಮ್ಮ ಡಾಕ್ಟರಿಗೆ ಅದು ತಲುಪದ ಹಾಗೆ ಮಾಡಿದವಳು ನಾನು ಎಂದು ಹೇಳಿದೆ. ಅವಳು ನನ್ನನ್ನೂ ತಮ್ಮನನ್ನೂ ನೋಡಿದಳು. ಮಾತಾಡಿದರೆ ನೋಯುತ್ತದೆಂದು ಡಾಕ್ಟರು ಕೈ ಅಡ್ಡ ಹಿಡಿದರೂ ಮಾತಾಡಿದಳು.

"ಮದಲ ಹೇಳಿದ್ರ ನಾ ಹಚ್ಚಿಸ್ಕೊಂತಿದ್ದಿಲ್ರಿ. ಅಷ್ಟ."

ಸಿಟ್ಟಿನಿಂದ ಅಂದದ್ದಲ್ಲ. ಹೀಗಿತ್ತು ನೋಡಿ ಎಂದು ತಿಳಿಸಿದ ಹಾಗಿತ್ತು. ಕುರ್ಚಿಯಿಂದಿಳಿದು ಬಾಯಿ ಮುಕ್ಕಳಿಸಿದಳು.

ಅಲ್ಲಿಂದ ತಮ್ಮ ನೇರವಾಗಿ ಕಾಲೇಜಿಗೆ ಹೋದ. ಸಂಘಟಕರಿಗೆ ತಿದ್ದುಪಡಿ ಬರೆಯುತ್ತೇನೆ, ಬಹುಮಾನ ವಾಪಸ್ ಕೊಡುತ್ತೇನೆ ಎಂದಾಗ ಅವನ ಗೈಡ್ ಒಪ್ಪಲಿಲ್ಲ. ಅಕ್ಕ ಮಾಡಿದಳು ಎಂದರೆ ಯಾರು ನಂಬುತ್ತಾರೆ, ನೀನೇ ಮುಚ್ಚಿಟ್ಟೆ ಎನ್ನುತ್ತಾರೆ ಎಂದರಂತೆ. ಆ ಮಾತು ಸರಿಯಾಗಿಯೇ ಇತ್ತು. ನಾನು ಬಂದು ಹೇಳುತ್ತೇನೆ ಎಂದೆ. ತಮ್ಮ ಬೇಡ ಎಂದ. ಹೆಸರು ಇರುವುದು ತನ್ನದು, ಓದದೆ ಕಳಿಸಿದವನೂ ತಾನು ಎಂದು ಪತ್ರದಲ್ಲಿ ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಅದನ್ನು ನನ್ನ ಕೈಯಲ್ಲಿ ಟೈಪು ಮಾಡಿಸಲೂ ಇಲ್ಲ. ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ, ಎರಡು ಬೆರಳಿನಲ್ಲಿ ಕುಟ್ಟುತ್ತ, ಒಂದು ಪುಟಕ್ಕೆ ಮಧ್ಯಾಹ್ನವೆಲ್ಲ ಕೂತ. ನಾನು ಗಿರಾಕಿಗಳ ಕೆಲಸ ಮಾಡುತ್ತ ಆ ಟಕ್ ಟಕ್ ಸದ್ದು ಕೇಳುತ್ತಿದ್ದೆ.

ಸಂಘಟಕರು ತಿದ್ದುಪಡಿಯನ್ನು ವೆಬ್‌ಸೈಟಿನ ಕೆಳಗೆಲ್ಲೋ ಹಾಕಿದರು. ಬಹುಮಾನ ಎರಡನೆಯವರಿಗೆ ಹೋಯಿತು. ಕಾಲೇಜಿನಲ್ಲಿ ಕೆಲವರು ಅವನನ್ನು ಮೆಚ್ಚಿದರು, ಕೆಲವರು ಗೈಡ್ ಹೇಳಿದ ಹಾಗೆಯೇ ಅಂದುಕೊಂಡರು. ಅವನ ಥೀಸಿಸ್ ಪಾಸಾಯಿತು, ಆದರೆ ಅಲ್ಲೇ ಸಿಗಬಹುದಾಗಿದ್ದ ಮೇಷ್ಟ್ರ ಕೆಲಸ ಸಿಗಲಿಲ್ಲ. ಅದು ಇದಕ್ಕೇ ತಪ್ಪಿತೋ ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ. ಅವನು ಯಾವತ್ತೂ ಆ ಮಾತು ಎತ್ತಿಲ್ಲ. ಅಮ್ಮನಿಗೆ ಫಲಕ ಎಲ್ಲಿ ಹೋಯಿತೆಂದು ನಾನೇ ಹೇಳಿದೆ. ಅವಳು ಟಿವಿಯ ಪಕ್ಕದ ಖಾಲಿ ಜಾಗವನ್ನು ಸೆರಗಿನಲ್ಲಿ ಒರೆಸಿದಳು.

ನಾನು ಕತ್ತರಿಸುವ ಕೆಲಸ ಬಿಟ್ಟೆ. ಸಾಲು ತೆಗೆಯಬೇಕಾದರೆ ನೀವೇ ಕೂತು ತೆಗೆಯಿರಿ, ನಾನು ಟೈಪು ಮಾತ್ರ ಮಾಡುತ್ತೇನೆ ಎಂದು ಹುಡುಗರಿಗೆ ಹೇಳತೊಡಗಿದೆ. "ಅಕ್ಕಂಗೆ ಜಂಬ ಬಂದಿದೆ ಗುರು," ಎಂದು ಅವರು ಆಡಿಕೊಂಡರು. ನಿಧಾನವಾಗಿ ಬೇರೆ ಅಂಗಡಿಗಳಿಗೆ ಹೋದರು, ಆಮೇಲೆ ಅವರವರ ಲ್ಯಾಪ್‌ಟಾಪಿನಲ್ಲೇ ಎಲ್ಲ ಮುಗಿಯತೊಡಗಿತು. ಅಂಗಡಿ ಮುಚ್ಚಿ ಈಗ ಕೆಲವು ವರ್ಷಗಳಾದವು. ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾಲ್ಕನೇ ಬ್ಲಾಕಿಗೆ ತರಕಾರಿಗೆ ಹೋದಾಗ ಆ ಕಡೆ ಒಂದು ಸುತ್ತು ಹಾಕಿಯೇ ಬರುತ್ತೇನೆ. ಆ ಗದ್ದಲ, ಬೈಟು ಕಾಫಿ, ಬಿಸಿ ಕಾಗದದ ವಾಸನೆ, ಎರಡು ಲೈನ್ ಜಾಸ್ತಿಯಾಗಿದೆ ಏನಾದರೂ ಮಾಡಿ ಎಂಬ ಗೋಳು, ಎಲ್ಲವೂ ಬೇಕೆನಿಸುತ್ತದೆ. ನನ್ನಿಂದ ಅಲ್ಲಿ ಏನಾಯಿತೆಂಬುದು ಮರೆತು ಬೇಕೆನಿಸುವುದಲ್ಲ. ಅದರ ಸಮೇತವೇ ಬೇಕೆನಿಸುತ್ತದೆ.

ತಮ್ಮ ಅಂಜನಾಪುರದಲ್ಲಿ ಕ್ಲಿನಿಕ್ ಇಟ್ಟಿದ್ದಾನೆ. ನಾವು ಮಾತು ಬಿಟ್ಟವರಲ್ಲ, ಹಬ್ಬಗಳಲ್ಲಿ ಒಟ್ಟಿಗೇ ಉಣ್ಣುತ್ತೇವೆ. ಕಳೆದ ವರ್ಷ ಅವನಿಗೆ ಮಗಳು ಹುಟ್ಟಿದಾಗ ನಾಮಕರಣದ ಆಹ್ವಾನ ಪತ್ರಿಕೆಯನ್ನು ನಾನೇ ಮಾಡುತ್ತೇನೆಂದು ಮನೆಯ ಕಂಪ್ಯೂಟರಿನಲ್ಲಿ ಮಾಡಿದೆ. ಒಂದೇ ಪುಟ. ಮಗುವಿನ ಹೆಸರು, ದಿನ, ಛತ್ರದ ವಿಳಾಸ, ಎರಡೂ ಕಡೆಯ ಹಿರಿಯರ ಹೆಸರು. ಪ್ರೆಸ್ಸಿಗೆ ಕಳಿಸುವ ಮುಂಚೆ ಅವನ ಕೈಗೆ ಕೊಟ್ಟೆ. ಮೊದಲಾಗಿದ್ದರೆ ಅವನು ಹಾಳೆಯನ್ನು ನೋಡದೆಯೇ ಹೆಬ್ಬೆರಳು ಎತ್ತುತ್ತಿದ್ದ. ಈಗ ಕಿಟಕಿಯ ಬೆಳಕಿಗೆ ಹಿಡಿದು, ಸಾಲುಗಳ ಕೆಳಗೆ ಬೆರಳು ಸರಿಸುತ್ತ, ಶ್ರೀ ಎಂಬಲ್ಲಿಂದ ಹಿಡಿದು ಕೊನೆಯ ಹೆಸರಿನವರೆಗೆ ಓದಿದ. ಒಮ್ಮೆ ಮುಗಿಸಿ ಮತ್ತೊಮ್ಮೆ ಓದಿದ. ಅವನ ಮುಖದಲ್ಲಿ ಅನುಮಾನವೇನೂ ಇರಲಿಲ್ಲ, ಡಾಕ್ಟರುಗಳಿಗಿರುವ ಒಂದು ಎಚ್ಚರವಷ್ಟೇ.

"ಸರಿಯಿದೆ ಅಕ್ಕ," ಎಂದ.

ಅವನು ಓದಿ ಮುಗಿಸುವವರೆಗೂ ನಾನು ನಿಂತೇ ಇದ್ದೆ.